ಖೋ ಕೊಟ್ಟವನ ಹೆಸರು

ನಮ್ಮ ಸೀಮೆಗೆ ಫುಟ್‌ಬಾಲಿನ ಹುಚ್ಚು ಹತ್ತಿದ್ದನ್ನು ನಾನು ಕಂಡವಳಲ್ಲ. ನನ್ನ ತವರು ಹರಪನಹಳ್ಳಿ, ಗಂಡನ ಮನೆ ಹಡಗಲಿ, ಶಿಕ್ಷಕಿಯಾಗಿ ಸಂಬಳ ಎಣಿಸಿದ್ದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳಲ್ಲಿ. ಹೀಗಾಗಿ ಈ ಐದೂ ಊರಿನ ಶಾಲಾ ಮೈದಾನಗಳ ಧೂಳು ನನ್ನ ಸೀರೆಯ ಅಂಚಿಗೆ ಹತ್ತಿದೆ. ಅಲ್ಲೆಲ್ಲ ಕಂಡದ್ದು ಕಬಡ್ಡಿ, ಖೋ ಖೋ, ವಾಲಿಬಾಲ್. ಮಿಕ್ಕ ಜಾಗವನ್ನು ಕ್ರಿಕೆಟ್ ನುಂಗಿಕೊಂಡಿದೆ. ಇಂಥವಳು ಒಬ್ಬ ಫುಟ್‌ಬಾಲ್ ಆಟಗಾರನ ಯೋಗ್ಯತೆಯನ್ನು ತೂಗಲು ಕೂತಿರುವುದು ಅಧಿಕಪ್ರಸಂಗವೇ ಸರಿ. ಆದರೆ ಕಾರ್ಲ್‌ಟನ್ ಚಾಪ್‌ಮನ್ ಎಂಬ ಹೆಸರು ನಮ್ಮ ಮನೆಯೊಳಗೆ ಬಂದದ್ದು ನನ್ನ ಮೇಲಿನ ಒಂದು ಆಕ್ಷೇಪಣೆಯಾಗಿ. ಆ ಆಕ್ಷೇಪಣೆ ಸರಿಯೆಂದು ಒಪ್ಪಲು ನನಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

1997ರ ಸೆಪ್ಟೆಂಬರ್. ಆಗ ನಾವು ಕೊಟ್ಟೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮಗಳಿಗೆ ಹದಿನಾಲ್ಕು. ಖೋ ಖೋ ಎಂದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. ಅವಳಿಗೆ ದೂರದ ಊರಿನ ಕ್ರೀಡಾ ಹಾಸ್ಟೆಲಿನಿಂದ ಕರೆ ಬಂದಿತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿ ಕಳಿಸಬೇಕು. ನಾನು ಅದನ್ನು ಅಟ್ಟಣಿಗೆಯ ಮೇಲೆ ಅಕ್ಕಿ ಡಬ್ಬಿಯ ಅಡಿಗೆ ಇಟ್ಟು, ನೋಡೋಣ ಎಂದಿದ್ದೆ. ‘ನೋಡೋಣ’ ಎಂದು ತಾಯಂದಿರು ಹೇಳಿದರೆ ಅದರ ಅರ್ಥವೇನೆಂದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು.

ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಗಣೇಶನ ಹಬ್ಬಕ್ಕೆ ಬಾರದೆ, ಹಬ್ಬ ಮುಗಿದ ಮೇಲೆ ಬಂದ. ಭಾನುವಾರ ಬಂತೆಂದರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂರುವವನು ಅವನು. ಚೀಲ ಇಳಿಸುವ ಮೊದಲೇ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವನ್ನು ನನ್ನ ಮುಂದೆ ಹಿಡಿದ.

“ಅಕ್ಕಾ, ಇಲ್ನೋಡು. ನಮ್ಮ ಬೆಂಗ್ಳೂರು ಹುಡುಗ. ಇಂಡಿಯಾ ಕ್ಯಾಪ್ಟನ್. ಕಠ್ಮಂಡುನಾಗ ಕಪ್ ಗೆದ್ದು ಬಂದಾನ.”

“ಹೆಸರು ನೋಡಿದ್ರ ಇಂಗ್ಲೆಂಡಿನಾಂವ ಇದ್ದಂಗ ಐತಲ್ಲೋ.”

“ಆಸ್ಟಿನ್ ಟೌನಿನಾಂವ. ಇಪ್ಪತ್ತು ತುಂಬೋದರಾಗ ಮನಿ ಬಿಟ್ಟು ಜಮ್ಷೆಡ್‌ಪುರಕ್ಕ ಹೋಗ್ಯಾನ, ಆಟ ಕಲಿಯಾಕ. ಅವರ ಮನ್ಯಾಗ ಕಳಿಸ್ಲಿಲ್ಲೇನು?”

ಮಾತು ಎತ್ತ ಹೊರಟಿದೆ ಎಂದು ನನಗೆ ಗೊತ್ತಾಯಿತು. “ಗಂಡುಹುಡುಗನ ಮಾತು ಬ್ಯಾರೆ” ಎಂದೆ. ಅದು ಸಾಲದೆಂದು ಇನ್ನೊಂದು ಮಾತನ್ನೂ ಸೇರಿಸಿದೆ: “ಹೋದ ವಾರದ ಆಟದಾಗ ಈಕಿ ಒಬ್ಬರನ್ನಾದ್ರೂ ಔಟ್ ಮಾಡ್ಯಾಳೇನು? ಒಂದು ಔಟ್ ಮಾಡ್ದಾಕಿಗೆ ಹಾಸ್ಟೆಲ್ ಯಾಕ?” ಮಗಳು ಬಾಗಿಲಲ್ಲೇ ನಿಂತಿದ್ದಳು. ತಮ್ಮ ಆ ಚಿತ್ರವನ್ನು ಅವಳ ಕೈಗೆ ಕೊಟ್ಟು ಕೈಕಾಲು ತೊಳೆಯಲು ಹೋದ.

ನಾನು ಅಂದು ಆಡಿದ ಆ ಎರಡನೆಯ ಮಾತು ಬರೀ ಒಬ್ಬ ತಾಯಿಯ ಮಾತಲ್ಲ ಎಂಬುದು ಈಗ ತಿಳಿಯುತ್ತದೆ. ಚಾಪ್‌ಮನ್ನನನ್ನು ನಮ್ಮ ನಾಡು ಅಳೆದ ಅಳತೆಗೋಲೂ ಅದೇ ಆಗಿತ್ತು.

ಅವನು ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಅವನು ಬೆಳೆದ ಆಸ್ಟಿನ್ ಟೌನಿಗೆ ಇನ್ನೊಂದು ಹೆಸರಿದೆ, ಎಫ್. ಕಿಟೆಲ್ ನಗರ ಎಂದು. 1894ರಲ್ಲಿ ಅಚ್ಚಾದ ದೊಡ್ಡ ಕನ್ನಡ ನಿಘಂಟನ್ನು ನಮಗೆ ಕಟ್ಟಿಕೊಟ್ಟ ಜರ್ಮನ್ ಪಾದ್ರಿಯ ಹೆಸರು ಅದು. ಹೊರನಾಡಿನಿಂದ ಬಂದು ಕನ್ನಡದ ಪದಗಳನ್ನು ಒಂದೊಂದಾಗಿ ಆಯ್ದವನನ್ನು ನಾವು ನಮ್ಮವನೆಂದೆವು, ಬೀದಿಗೆ ಹೆಸರಿಟ್ಟೆವು, ಒಳ್ಳೆಯದನ್ನೇ ಮಾಡಿದೆವು. ಅದೇ ಬೀದಿಗಳಲ್ಲಿ ಚೆಂಡು ಒದೆಯುತ್ತ ಬೆಳೆದು ದೇಶದ ನಾಯಕನಾದವನ ಹೆಸರು ಕಿವಿಗೆ ಬಿದ್ದಾಗ ನನ್ನಂಥ ಕನ್ನಡದ ಟೀಚರಮ್ಮ ಅವನನ್ನು ಇಂಗ್ಲೆಂಡಿಗೆ ಕಳಿಸಿಬಿಟ್ಟಳು.

ಅವನ ಆಟದ ಬದುಕನ್ನು ಮೊದಲು ಸಾಲಾಗಿ ಹೇಳಿಬಿಡುತ್ತೇನೆ. 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ. 1995ರಲ್ಲಿ ಪಂಜಾಬಿನ ಫಗ್ವಾಡದ ಜೆ.ಸಿ.ಟಿ., ಅದೊಂದು ಬಟ್ಟೆ ಗಿರಣಿಯ ತಂಡ. 1997ರಲ್ಲಿ ಒಂದು ಸೀಸನ್ ಕೇರಳದ ಎಫ್.ಸಿ. ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 1995ರಿಂದ 2001ರವರೆಗೆ ಭಾರತದ ತಂಡ. 2000–01ರ ರಾಷ್ಟ್ರೀಯ ಲೀಗನ್ನು ಈಸ್ಟ್ ಬೆಂಗಾಲ್ ಗೆದ್ದಾಗ ನಾಯಕ ಅವನೇ. ಗೆದ್ದ ವರ್ಷವೇ, ಮೂವತ್ತರ ವಯಸ್ಸಿಗೆ, ಆಟ ಬಿಟ್ಟ. ಪಂಕ್ತಿಯಲ್ಲಿ ಎಲ್ಲರೂ ಇನ್ನೂ ಉಣ್ಣುತ್ತಿರುವಾಗಲೇ ಎಲೆ ಮಡಚಿ ಎದ್ದವನಂತೆ. ಆಮೇಲೆ ಜಮ್ಷೆಡ್‌ಪುರ, ಷಿಲ್ಲಾಂಗ್, ಕೋಯಿಕ್ಕೋಡ್ ಎಂದು ಊರೂರು ತಿರುಗಿ ಹುಡುಗರಿಗೆ ಆಟ ಕಲಿಸಿದ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ನಲವತ್ತೊಂಬತ್ತು.

ಇಷ್ಟೊಂದು ಊರು ಬದಲಿಸಿದವನು ಎಲ್ಲಿಯವನು ಎಂದು ಕೇಳುವವರಿಗೆ ನಮ್ಮ ಹರಪನಹಳ್ಳಿಯನ್ನು ತೋರಿಸಬೇಕು. ಬಳ್ಳಾರಿ ಜಿಲ್ಲೆಯಲ್ಲಿದ್ದ ಅದು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಊರಾದರೋ ಇದ್ದ ಜಾಗದಿಂದ ಕದಲಿಲ್ಲ. ಚಾಪ್‌ಮನ್ನನೂ ಎಲ್ಲಿ ಆಡಿದರೂ ಮೈದಾನದಲ್ಲಿ ಅವನ ಜಾಗ ಒಂದೇ: ನಡುವೆ. ಹಿಂದೆ ಕಾಯುವವರಿಂದ ಚೆಂಡು ಇಸಕೊಂಡು ಮುಂದೆ ಗೋಲು ಹೊಡೆಯುವವರಿಗೆ ದಾಟಿಸುವ ಜಾಗ. ಫುಟ್‌ಬಾಲಿನಲ್ಲಿ ಅವರನ್ನು ಮಿಡ್‌ಫೀಲ್ಡರ್ ಎನ್ನುತ್ತಾರೆ.

ಆ ಕೆಲಸ ಎಂಥದೆಂದು ತಿಳಿಯಲು ನನಗೆ ಸಹಾಯಕ್ಕೆ ಬಂದದ್ದು ಖೋ ಖೋ. ನೀವೂ ಶಾಲೆಯಲ್ಲಿ ಆಡಿರುತ್ತೀರಿ. ಎಂಟು ಹುಡುಗಿಯರು ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಅತ್ತ, ಇನ್ನೊಬ್ಬರದು ಇತ್ತ. ಬೆನ್ನಟ್ಟುವ ಒಂಬತ್ತನೆಯವಳು ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಡುವವಳು ಸಾಲಿನ ಆಚೆ ಬದಿಗೆ ಹೊಕ್ಕರೆ, ಆ ಕಡೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ ‘ಖೋ’ ಎಂದು ತನ್ನ ಆಟವನ್ನು ಅವಳಿಗೆ ಒಪ್ಪಿಸಿ, ತಾನು ಅವಳ ಜಾಗದಲ್ಲಿ ಕೂರಬೇಕು. ಚೆನ್ನಾಗಿ ಆಡುವ ತಂಡದಲ್ಲಿ ಒಬ್ಬಳು ಇರುತ್ತಾಳೆ. ಅವಳು ಓಡುವವಳನ್ನು ಕಂಬದ ಮೂಲೆಗೆ ಒತ್ತಿಕೊಂಡು ಹೋಗುತ್ತಾಳೆ, ಸರಿಯಾದ ಗಳಿಗೆಗೆ ಸರಿಯಾದವಳಿಗೆ ಖೋ ಕೊಡುತ್ತಾಳೆ. ಎದ್ದವಳು ಎರಡು ಹೆಜ್ಜೆ ಹಾಕಿ ಕೈ ಚಾಚಿದರೆ ಸಾಕು, ಔಟ್. ಚಪ್ಪಾಳೆ ಎದ್ದವಳಿಗೆ. ಖೋ ಕೊಟ್ಟವಳು ಅಷ್ಟರಲ್ಲಿ ಕೂತಿರುತ್ತಾಳೆ. ಕೂತವಳನ್ನು ಯಾರು ನೋಡುತ್ತಾರೆ?

ನನ್ನ ಮಗಳು ಅಂಥ ಆಟಗಾತಿಯಾಗಿದ್ದಳು. “ಮೇಡಂ, ಆಕಿ ಔಟ್ ಮಾಡೋದು ಕಮ್ಮಿ, ಆದ್ರ ಆಕಿ ಇಲ್ಲಂದ್ರ ಯಾರೂ ಔಟ್ ಮಾಡಂಗಿಲ್ಲ” ಎಂದು ಅವಳ ಪಿ.ಟಿ. ಮೇಷ್ಟ್ರು ನನಗೆ ಹೇಳಿದ್ದರು. ನಾನು ಅದನ್ನು ಸಮಾಧಾನದ ಮಾತೆಂದುಕೊಂಡೆ.

ಚಾಪ್‌ಮನ್ ಗೋಲು ಹೊಡೆಯಲು ಬಾರದೆ ಚೆಂಡು ದಾಟಿಸುತ್ತಿದ್ದನೇ? ಇಲ್ಲ. 1993ರಲ್ಲಿ ಏಷ್ಯಾದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿತು. ಆ ಆರರಲ್ಲಿ ಮೂರು ಗೋಲು ಚಾಪ್‌ಮನ್ನನದು. ಆಗ ಅವನಿಗೆ ಇಪ್ಪತ್ತೆರಡು. ಆ ಸಂಜೆಯ ರುಚಿ ಕಂಡ ಹುಡುಗ ಮುಂದೆ ಗೋಲಿನ ಹಿಂದೆಯೇ ಓಡಬಹುದಿತ್ತು. ಅವನು ನಡುಮೈದಾನದಲ್ಲೇ ಉಳಿದ. ಅವನ ಬಗ್ಗೆ ನನಗಿರುವ ಗೌರವ ಶುರುವಾಗುವುದು ಇಲ್ಲಿಂದ. ಕೈಲಾಗದೆ ಬಿಟ್ಟುಕೊಡುವುದು ಬೇರೆ, ಕೈಲಾಗಿಯೂ ತಂಡದ ಅಗತ್ಯ ನೋಡಿ ಬಿಟ್ಟುಕೊಡುವುದು ಬೇರೆ.

ಜೆ.ಸಿ.ಟಿ.ಯಲ್ಲಿ ಅವನ ಜೊತೆಗಿದ್ದವರು ಕೇರಳದ ಐ.ಎಂ. ವಿಜಯನ್ ಮತ್ತು ಸಿಕ್ಕಿಮಿನ ಬೈಚುಂಗ್ ಭುಟಿಯಾ. ಈ ಮೂವರ ಕಾಲದಲ್ಲಿ ಆ ತಂಡ ಹದಿನಾಲ್ಕು ಪಂದ್ಯಾವಳಿ ಗೆದ್ದಿತು ಎನ್ನುತ್ತಾರೆ. ದೇಶದಲ್ಲಿ ಮೊದಲ ಬಾರಿಗೆ ನಡೆದ ರಾಷ್ಟ್ರೀಯ ಲೀಗ್, 1996–97ರದು, ಅವರ ಪಾಲಾಯಿತು. ಆ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಭುಟಿಯಾ, ಹದಿನಾಲ್ಕು. ಪಂದ್ಯದ ಫಲಿತಾಂಶವನ್ನು ಪತ್ರಿಕೆ ಎರಡು ಸಾಲಿನಲ್ಲಿ ಹೇಳಿ ಮುಗಿಸುವಾಗ ಆವರಣದೊಳಗೆ ಕೂರುವುದು ಹೊಡೆದವನ ಹೆಸರೇ. ಚೆಂಡು ಯಾವ ಕಾಲಿನಿಂದ ಹೊರಟು ಆ ಕಾಲಿಗೆ ಬಂತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಮುಂದೆ ಭುಟಿಯಾಗೆ 1998ರ ಅರ್ಜುನ ಪ್ರಶಸ್ತಿ ಬಂತು. ವಿಜಯನ್‌ಗೂ ಕೆಲ ವರ್ಷಗಳ ಮೇಲೆ ಬಂತು. ಇಬ್ಬರೂ ಪದ್ಮಶ್ರೀಗಳಾದರು, ಭುಟಿಯಾ 2008ರಲ್ಲಿ, ವಿಜಯನ್ 2025ರಲ್ಲಿ. ಇಬ್ಬರೂ ಯೋಗ್ಯರು, ಅದರಲ್ಲಿ ತಕರಾರಿಲ್ಲ. ಚಾಪ್‌ಮನ್ನನಿಗೆ ಅರ್ಜುನ ಪ್ರಶಸ್ತಿ ಬರಲಿಲ್ಲ. ದೇಶಕ್ಕೆ ಕಪ್ ತಂದ ನಾಯಕನಿಗೆ ಬರಲಿಲ್ಲ.

ಇದಕ್ಕೆ ಯಾರದೋ ದ್ವೇಷ ಕಾರಣವೆಂದು ನಾನು ಹೇಳಲಾರೆ. ನಮಗೆ ಕತೆ ಬೇಕು. ವಿಜಯನ್ ತ್ರಿಶ್ಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ, ಅದು ಕತೆ. ಭುಟಿಯಾ ಹಿಮಾಲಯದ ಸಣ್ಣ ಹಳ್ಳಿಯಿಂದ ಇಳಿದು ಬಂದವನು, ಅದೂ ಕತೆ. ಚಾಪ್‌ಮನ್ನನ ಬಗ್ಗೆ ಹೇಳಲು ಇದ್ದದ್ದು ಅವನ ಆಟ ಮಾತ್ರ. ಅದನ್ನು ಹೇಳಬೇಕಾದರೆ ತೊಂಬತ್ತು ನಿಮಿಷ ಅವನನ್ನೇ ನೋಡುತ್ತ ಕೂರಬೇಕು. ಅಡುಗೆಮನೆಯಲ್ಲಿ ಬೆಳಗಿನಿಂದ ನಡೆದದ್ದನ್ನು ನೋಡದೆ ಹೋಳಿಗೆಯ ರುಚಿಯನ್ನಷ್ಟೇ ಹೊಗಳುವ ನೆಂಟರ ಹಾಗೆ ನಾವು ಆಟ ನೋಡುತ್ತೇವೆ.

ಹಾಗೆಂದು ಅವನನ್ನು ಹೊಗಳಿ ಅಟ್ಟಕ್ಕೇರಿಸುವುದೂ ನನಗೆ ಒಪ್ಪಿಗೆಯಿಲ್ಲ. 1997ರ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ಅವನ ನಾಯಕತ್ವದ ತಂಡ ಫೈನಲಿನಲ್ಲಿ ಮಾಲ್ಡೀವ್ಸನ್ನು 5–1ರಿಂದ ಸೋಲಿಸಿತು. ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ ಬಂದ ಕಪ್ ಎಂದು ನನ್ನ ತಮ್ಮ ಕುಣಿದಾಡಿದ್ದ. ಆದರೆ ಅದು ನೆರೆಹೊರೆಯವರ ನಡುವಿನ ಕಪ್. ಚಾಪ್‌ಮನ್ ಆಡಿದ ಆರೇಳು ವರ್ಷಗಳಲ್ಲಿ ಭಾರತ ಏಷ್ಯಾ ಕಪ್ಪಿನ ಮುಖ್ಯ ಸುತ್ತಿಗೆ ಒಮ್ಮೆಯೂ ಹೋಗಲಿಲ್ಲ; 1984ರಲ್ಲಿ ಹೋದದ್ದು ಬಿಟ್ಟರೆ ಮತ್ತೆ ಹೋದದ್ದು 2011ರಲ್ಲಿ. ಅವನ ಸಾಮರ್ಥ್ಯ ಎಷ್ಟಿತ್ತೆಂದು ದೊಡ್ಡ ಕಣದಲ್ಲಿ ತಿಳಿಯುವ ಸಂದರ್ಭವೇ ಬರಲಿಲ್ಲ. ವಿಮರ್ಶೆ ಮಾಡುವವರು ಇದನ್ನು ಮುಚ್ಚಿಡಬಾರದು.

ಅವನು ಅಷ್ಟು ಊರು ತಿರುಗಿದ್ದನ್ನೂ ದೋಷವೆನ್ನುವವರಿದ್ದಾರೆ. ಅರಬರ ಎಮಿರೇಟ್ಸ್ ದೇಶದಲ್ಲಿ ಅದ್ನಾನ್ ಅಲ್ ತಲ್ಯಾನಿ ಎಂಬ ಫಾರ್ವರ್ಡ್ ಆಟಗಾರನಿದ್ದ. 1990ರ ವಿಶ್ವಕಪ್ಪಿನಲ್ಲಿ ಆಡಿದವನು, ದೇಶದ ಪರವಾಗಿ ನೂರೈವತ್ತಕ್ಕೂ ಹೆಚ್ಚು ಪಂದ್ಯ ಆಡಿದವನು. ನಾವು ಕ್ರಿಕೆಟ್ಟಿನಿಂದ ಮಾತ್ರ ಬಲ್ಲ ಶಾರ್ಜಾದ ಒಂದೇ ಕ್ಲಬ್ಬಿನಲ್ಲಿ ತನ್ನ ಆಟದ ಬದುಕನ್ನೆಲ್ಲ ಕಳೆದನಂತೆ. ಕೇಳಲು ಚೆನ್ನಾಗಿದೆ. ಆದರೆ ಊರಿನಲ್ಲೇ ಉಳಿಯಬೇಕಾದರೆ ಊರಿನಲ್ಲಿ ಉಳಿಯುವಂಥದ್ದು ಏನಾದರೂ ಇರಬೇಕಲ್ಲ! ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳ ತಂಡಗಳಿದ್ದವು. ಆಟದ ಜೊತೆಗೊಂದು ನೌಕರಿ ಸಿಗುತ್ತಿತ್ತು. ಆಟವನ್ನೇ ಕಸುಬಾಗಿ ಮಾಡಿಕೊಳ್ಳುವವನು ಕಲ್ಕತ್ತೆಯ ರೈಲು ಹತ್ತಬೇಕು.

ಚಾಪ್‌ಮನ್ ಆ ದಾರಿಯಲ್ಲಿ ಮೊದಲಿಗನೂ ಅಲ್ಲ. ಬೆಂಗಳೂರಿನ ಅಹಮದ್ ಖಾನ್ 1949ರಿಂದ ಹತ್ತು ವರ್ಷ ಈಸ್ಟ್ ಬೆಂಗಾಲಿನಲ್ಲಿ ಆಡಿದ. ಅವನೂ ಇನ್ನು ನಾಲ್ವರೂ ಸೇರಿದ ಮುಂಚೂಣಿಯನ್ನು ಕಲ್ಕತ್ತೆಯವರು ಪಂಚಪಾಂಡವರು ಎಂದೇ ಕರೆದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಲ್ಲಿ ಆಡಿದ ಆ ತಂಡದಲ್ಲಿ ಅವನಿದ್ದ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ಸೋಲಿಸಿದಾಗ ಆ ಒಂದು ಗೋಲು ಅಹಮದ್ ಖಾನನದು. ಅವನು ತೀರಿಕೊಂಡದ್ದು 2017ರಲ್ಲಿ, ಬೆಂಗಳೂರಿನಲ್ಲೇ. ನಮ್ಮ ಶಾಲೆಯ ಯಾವ ಪಾಠದಲ್ಲೂ ನಾನು ಅವನ ಹೆಸರನ್ನು ಮಕ್ಕಳಿಗೆ ಓದಿಸಿದ ನೆನಪಿಲ್ಲ.

ಬೆಂಗಳೂರಿಗೆ ತನ್ನದೇ ದೊಡ್ಡ ವೃತ್ತಿಪರ ಕ್ಲಬ್ಬಾಗಿ ಬೆಂಗಳೂರು ಎಫ್.ಸಿ. ಬಂದದ್ದು 2013ರಲ್ಲಿ. ಚಾಪ್‌ಮನ್ ಆಟ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅಷ್ಟರಲ್ಲಿ ಅವನು ಆಡಿದ ಕೊಚ್ಚಿನ್ ತಂಡ ಮುಚ್ಚಿಹೋಗಿತ್ತು, ಜೆ.ಸಿ.ಟಿ. ತಂಡವೂ 2011ರಲ್ಲಿ ಮುಚ್ಚಿತ್ತು. ಆಟಗಾರನನ್ನು ನೆನೆಯಬೇಕಾದ ಮನೆಗಳೇ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಈಸ್ಟ್ ಬೆಂಗಾಲ್ ಉಳಿದಿದೆ. ಅಲ್ಲಿಯವರು ಅವನನ್ನು ಪ್ರೀತಿಸಿದರು. ಕನ್ನಡದ ಹುಡುಗನ ಮೇಲಿನ ಪ್ರೀತಿಯನ್ನು ಬಂಗಾಳಿಯಲ್ಲಿ ಓದಬೇಕಾಗಿ ಬಂದದ್ದು ನಮ್ಮ ಬಡತನ.

ಅವನು ಹೋದ ವಾರ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಓದಿದೆ. ನಾಡು ಮರೆತ ಆಟಗಾರ ಎಂಬ ಧಾಟಿ ಅಲ್ಲಲ್ಲಿ ಕಂಡಿತು. ನನಗೆ ಅದು ಸುಳ್ಳೆನಿಸಿತು. ಮರೆಯಬೇಕಾದರೆ ಮೊದಲು ನೆನಪಿರಬೇಕು. ನಾವು ಅವನನ್ನು ಮರೆತಿಲ್ಲ, ನೋಡಿಯೇ ಇರಲಿಲ್ಲ. ಮರೆತೆವು ಎಂದರೆ ಒಂದು ಮೆದುವಾದ ದುಃಖಕ್ಕೆ ಜಾಗವಾಗುತ್ತದೆ; ನೋಡಲಿಲ್ಲ ಎಂದರೆ ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ. ಇದನ್ನು ನಾನು ಪರರಿಗೆ ಹೇಳುತ್ತಿಲ್ಲ.

ಅವನ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ಮಗಳೇ. ಕೊರೊನಾ ಕಾಲ, ಯಾರ ಮನೆಗೆ ಯಾರೂ ಹೋಗುವಂತಿರಲಿಲ್ಲ. ದಾವಣಗೆರೆಯಿಂದ ಫೋನ್ ಮಾಡಿದಳು. “ಅವ್ವಾ, ನಮ್ಮ ಚಾಪ್‌ಮನ್ ಹೋಗಿಬಿಟ್ಟನಂತ.” ನಮ್ಮ ಚಾಪ್‌ಮನ್! ಮಾಮ ಕೊಟ್ಟ ಆ ಚಿತ್ರ ಇನ್ನೂ ಅವಳ ಟ್ರಂಕಿನಲ್ಲಿದೆಯಂತೆ. ನಾನು ಬಹಳ ಹೊತ್ತು ಸುಮ್ಮನಿದ್ದು, ಯಾವತ್ತೂ ಕೇಳದಿದ್ದುದನ್ನು ಕೇಳಿದೆ.

“ನಿನಗ ಆವಾಗ ಬೇಜಾರಾಗಿತ್ತೇನವ್ವಾ?”

“ಹಾಸ್ಟೆಲಿಗೆ ಹೋಗಿದ್ರ ಏನಾಗ್ತಿದ್ದೆನೋ ಯಾರಿಗ್ಗೊತ್ತು. ಅದಕ್ಕ ಬೇಜಾರಿಲ್ಲ” ಎಂದಳು. ಸ್ವಲ್ಪ ತಡೆದು ಹೇಳಿದಳು, “ಆ ಕಾಗದ ಅಕ್ಕಿ ಡಬ್ಬಿ ಕೆಳಗ ಐತಿ ಅಂತ ನನಗ ಗೊತ್ತಿತ್ತು. ದಿನಾ ಅಕ್ಕಿ ತಗಿಯೋವಾಗ ನೋಡ್ತಿದ್ದೆ. ನೀನು ಕೈ ಹಾಕ್ತಿ ಏನೋ ಅಂತ.”

ನಾನು ಕೈ ಹಾಕಲಿಲ್ಲ. ಕೊನೆಯ ದಿನಾಂಕ ದಾಟಿತು, ಕಾಗದಕ್ಕೆ ಜಿರಳೆ ಹತ್ತಿತು, ಒಂದು ದೀಪಾವಳಿಗೆ ಅಟ್ಟಣಿಗೆ ಒರೆಸುವಾಗ ಅದನ್ನು ಒಲೆಗೆ ಹಾಕಿದೆ. ಹೆಣ್ಣುಹುಡುಗಿ, ದೂರದ ಊರು, ಕಾಲ ಕೆಟ್ಟದ್ದು ಎಂದು ನನಗೆ ನಾನೇ ಹೇಳಿಕೊಂಡ ಕಾರಣಗಳೆಲ್ಲ ನಿಜವೇ. ಆದರೆ ಅವಳ ಆಟವನ್ನು ಔಟುಗಳ ಲೆಕ್ಕದಿಂದ ಅಳೆದದ್ದು ಮಾತ್ರ ಭಯದಿಂದ ಆದದ್ದಲ್ಲ. ಅದು ನೋಡಲು ಬಾರದ್ದರಿಂದ ಆದದ್ದು. ದಿನವೂ ಐದು ಮಂದಿಗೆ ಬುತ್ತಿ ಕಟ್ಟಿ ಕಳಿಸಿ, ನಾನು ಏನು ಮಾಡಿದೆ ಎಂದು ಯಾರೂ ಕೇಳದ ಮನೆಯಲ್ಲಿ ಬಾಳಿದ ನನಗೇ ಅದು ಕಾಣಲಿಲ್ಲವೆಂದರೆ, ಬೇರೆಯವರನ್ನು ದೂರಿ ಏನು ಮಾಡಲಿ?

2023ರ ಮಾರ್ಚ್ 4ರ ರಾತ್ರಿ ತಮ್ಮನ ಫೋನ್ ಬಂತು. ಅವನೀಗ ನಿವೃತ್ತ, ಮೊಣಕಾಲು ನೋವು, ಆದರೂ ಕೂಗು ಮಾತ್ರ 1997ರದೇ. ಸಂತೋಷ್ ಟ್ರೋಫಿ ಫೈನಲಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತ್ತು. ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದಿನಲ್ಲಿ. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷಕ್ಕೆ ಬಂದ ಕಪ್ಪು. ಯಾರು ಯಾರು ಗೋಲು ಹೊಡೆದರು, ಯಾವುದು ಎಷ್ಟನೆಯ ನಿಮಿಷಕ್ಕೆ ಎಂದು ಒಂದೇ ಉಸಿರಿಗೆ ಒದರಿದ.

“ಅದಿರ್ಲಿ, ಚೆಂಡು ಕೊಟ್ಟಾವ್ರು ಯಾರು?” ಎಂದೆ.

ಅತ್ತ ಕಡೆ ಸದ್ದಡಗಿತು. ಇಪ್ಪತ್ತಾರು ವರ್ಷ ನನಗೆ ಫುಟ್‌ಬಾಲ್ ಹೇಳಿಕೊಡಲು ಹೆಣಗಿದವನು ಅವನು.

“ತಡಿಯಕ್ಕಾ,” ಎಂದ, “ಇನ್ನೊಂದ್ಸಲ ಹಾಕಿ ನೋಡಿ ಹೇಳ್ತೀನಿ.”